ಕಲ್ಲಿನ ಕೋಣೆಗೆ ತಕ್ಕ ಪುಟ್ಟ ಧ್ವನಿವರ್ಧಕ

ಶಹಾಬಾದದ ಹಾಸುಗಲ್ಲನ್ನು ಅರಿಯದ ಕನ್ನಡಿಗರು ವಿರಳ. ದೂರದ ಊರುಗಳವರಿಗೆ ಅದು ನೆಲಕ್ಕೆ ಹಾಸುವ ಒಂದು ವಸ್ತು ಮಾತ್ರ. ಅದು ಹುಟ್ಟಿದ ಸೀಮೆಯಲ್ಲಾದರೋ, ಎಂದರೆ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂಗಳ ಸುತ್ತಿನಲ್ಲಿ, ನೆಲ, ಗೋಡೆ, ಮೆಟ್ಟಿಲು, ಗೋಡೆಯೊಳಗಿನ ಹಲಗೆ, ಅಂಗಳದ ಕಟ್ಟೆ ಎಲ್ಲವೂ ಅದರವೇ ಆಗಿರುವುದುಂಟು; ಕೆಲವು ಮನೆಗಳಲ್ಲಿ ಮೇಲ್ಛಾವಣಿಗೂ ಅದೇ ಚಪ್ಪಡಿ. ಭೂವಿಜ್ಞಾನಿಗಳು ಭೀಮಾ ಶಿಲಾವರ್ಗವೆಂದು ಕರೆಯುವ ಪದರುಗಳ ಸುಣ್ಣಕಲ್ಲು ಇದು. ಇದೇ ಜಾತಿಯ ಕಲ್ಲನ್ನು ಅರೆದು ಸುಟ್ಟು ವಾಡಿ ಮತ್ತು ಸೇಡಂಗಳ ಕಾರ್ಖಾನೆಗಳು ಸಿಮೆಂಟು ಮಾಡುತ್ತವೆ. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೂಲಕ ಹೈದರಾಬಾದಿಗೆ ರೈಲುದಾರಿ ತೆರೆದುದರಿಂದ ಈ ಕಲ್ಲು ದೂರ ಹೋಗುವುದಕ್ಕೆ ಮತ್ತೊಂದು ದಾರಿಯಾಯಿತು.

ಬೇಸಗೆಯಲ್ಲಿ ಪಾದರಸ 40 ಡಿಗ್ರಿ ದಾಟುವ ನಾಡಿಗೆ ಈ ಕಲ್ಲಿನ ಮನೆ ತಂಪಾದ ಆಸರೆಯೇ ಸರಿ. ಆದರೆ ಕಿವಿಯ ದೃಷ್ಟಿಯಿಂದ ನೋಡಿದರೆ ಅದಕ್ಕೊಂದು ದೋಷವಿದೆ. ನುಣುಪು ಮಾಡಿದ ಕಲ್ಲು ಶಬ್ದವನ್ನು ಹೀರುವುದಿಲ್ಲ, ಬಹುಮಟ್ಟಿಗೆ ಹಾಗೆಯೇ ಹಿಂದಿರುಗಿಸುತ್ತದೆ. ಇಂದು ಕಾಲೇಜು ವಿದ್ಯಾರ್ಥಿಗಳಲ್ಲಿ ಅನೇಕರು ತಮ್ಮ ಓದುವ ಮೇಜಿಗೆ ಜೋಡಿ ಧ್ವನಿವರ್ಧಕಗಳನ್ನು ಕೊಳ್ಳಬಯಸುತ್ತಾರೆ. ಧ್ವನಿಮುದ್ರಿತ ಪಾಠಗಳನ್ನು ಕೇಳುವುದಕ್ಕೆ ಅವು ಬೇಕು. ಸಂಗೀತಕ್ಕಂತೂ ಬೇಕೇ ಬೇಕು. ಕೂಡಿಟ್ಟ ಕೆಲವು ಸಾವಿರ ರೂಪಾಯಿಗಳಲ್ಲಿ ಒಳ್ಳೆಯದನ್ನು ಆರಿಸಬೇಕೆಂಬುದು ಅವರ ಹಂಬಲ. ಜಾಹೀರಾತುಗಳು ಪೆಟ್ಟಿಗೆಯ ವಾಟುಗಳನ್ನು ಹೇಳುತ್ತವೆ, ದೀಪಗಳ ಬಣ್ಣವನ್ನೂ ಹೇಳುತ್ತವೆ; ಆ ಪೆಟ್ಟಿಗೆ ಯಾವ ಕೋಣೆಯಲ್ಲಿ ನುಡಿಯಬೇಕೆಂಬುದನ್ನು ಕೇಳುವುದಿಲ್ಲ. ನಮ್ಮ ಕಡೆಯ ಮನೆಗಳಿಗೆ ಇದು ಮೊದಲನೆಯ ಪ್ರಶ್ನೆಯಾಗಬೇಕು. ಪಾಠದಲ್ಲಿ ‘ತಾಪ’ ಎಂದದ್ದು ‘ಚಾಪ’ ಎಂದು ಕೇಳಿಸಿದರೆ ನಷ್ಟವಾಗುವುದು ರೂಪಾಯಿ ಮಾತ್ರವಲ್ಲವಷ್ಟೆ.

ಕಲ್ಲು ಶಬ್ದವನ್ನು ಏಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ?

ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಶಬ್ದದ ಅಲೆ ದಾಟುವಾಗ ಎಷ್ಟು ಭಾಗ ಒಳಹೋಗುತ್ತದೆ, ಎಷ್ಟು ಭಾಗ ಹಿಂದಿರುಗುತ್ತದೆ ಎಂಬುದು ಆ ಎರಡು ಮಾಧ್ಯಮಗಳ ಸಾಂದ್ರತೆ ಮತ್ತು ಅವುಗಳಲ್ಲಿ ಶಬ್ದದ ವೇಗ, ಈ ಎರಡರ ಗುಣಲಬ್ಧವನ್ನು ಅವಲಂಬಿಸಿದೆ. ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.2 ಕಿಲೋಗ್ರಾಮು, ಅದರಲ್ಲಿ ಶಬ್ದದ ವೇಗವನ್ನು ನಮ್ಮ ಕಡೆಯ ಬಿಸಿ ಹವೆಗೆ ಸೆಕೆಂಡಿಗೆ 350 ಮೀಟರೆಂದು ಹಿಡಿಯೋಣ. ಗುಣಲಬ್ಧ ಸುಮಾರು 420. ಗಟ್ಟಿಯಾದ ಸುಣ್ಣಕಲ್ಲಿಗೆ ಸಾಂದ್ರತೆ ಸುಮಾರು 2,600, ವೇಗ ಸುಮಾರು 5,000. ಗುಣಲಬ್ಧ 1 ಕೋಟಿ 30 ಲಕ್ಷ. ಒಂದು ಇನ್ನೊಂದರ ಮೂವತ್ತು ಸಾವಿರ ಪಾಲು! ಇಷ್ಟು ಅಸಮಾನವಾದ ಎರಡು ವಸ್ತುಗಳ ಗಡಿಯಲ್ಲಿ ಶಬ್ದಶಕ್ತಿಯ ಹತ್ತು ಸಾವಿರ ಭಾಗಗಳಲ್ಲಿ ಒಂದೆರಡು ಮಾತ್ರ ಕಲ್ಲನ್ನು ಹೊಗುತ್ತವೆ. ಹಾಸುಗಲ್ಲುಗಳ ನಡುವಣ ಸಂದು, ಮೇಲ್ಮೈಯ ಸಣ್ಣ ಒರಟು ಇವುಗಳ ದೆಸೆಯಿಂದ ನಿಜವಾದ ಹೀರಿಕೆ ಇದಕ್ಕಿಂತ ಹೆಚ್ಚು. ಆದರೂ ಅದು ನೂರಕ್ಕೆ ಒಂದೆರಡು ಭಾಗವನ್ನು ಮೀರುವುದಿಲ್ಲ. ತೆರೆದ ಕಿಟಕಿಯಾದರೋ ತನ್ನ ಮೇಲೆ ಬಿದ್ದ ಶಬ್ದವನ್ನೆಲ್ಲ ಹೊರಗೆ ಕಳುಹಿಸಿಬಿಡುತ್ತದೆ. ಆದುದರಿಂದ ಶಬ್ದಶಾಸ್ತ್ರದಲ್ಲಿ ತೆರೆದ ಕಿಟಕಿಯ ಹೀರಿಕೆಯ ಅಂಕವನ್ನು 1 ಎಂದೂ ನಮ್ಮ ಕಲ್ಲಿನದನ್ನು 0.02 ಎಂದೂ ಹಿಡಿಯಬಹುದು.

ಈ ಕಿಟಕಿಯ ಲೆಕ್ಕವನ್ನು ಜಗತ್ತಿಗೆ ಕಲಿಸಿದವನು ಅಮೆರಿಕದ ವ್ಯಾಲೇಸ್ ಸಬೀನ್ ಎಂಬ ಭೌತವಿಜ್ಞಾನದ ಉಪಾಧ್ಯಾಯ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಫಾಗ್ ಕಲಾಸಂಗ್ರಹಾಲಯದಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಮಂದಿರವೊಂದಿತ್ತು. ಅಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಸುತ್ತುತ್ತಿದ್ದು, ಕೇಳುವವರಿಗೆ ಒಂದಕ್ಷರವೂ ಬಿಡಿಯಾಗಿ ಸಿಕ್ಕುತ್ತಿರಲಿಲ್ಲ. 1895ರಲ್ಲಿ ಇದನ್ನು ಸರಿಪಡಿಸುವ ಕೆಲಸ ಸಬೀನನ ಪಾಲಿಗೆ ಬಂದಿತು. ಸದ್ದಡಗಿದ ರಾತ್ರಿಯ ವೇಳೆಯಲ್ಲಿ ಆತ ಸಮೀಪದ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ಹೊರಿಸಿ ತಂದು, ಅವನ್ನು ಸ್ವಲ್ಪ ಸ್ವಲ್ಪವಾಗಿ ಮಂದಿರದೊಳಗೆ ಹರಡಿ, ಆರ್ಗನ್ ಕೊಳವೆಯನ್ನು ಊದಿಸಿ ನಿಲ್ಲಿಸಿ, ಶಬ್ದ ಕಿವಿಗೆ ಕಾಣದಾಗುವವರೆಗೆ ಎಷ್ಟು ಕಾಲ ಹಿಡಿಯುತ್ತದೆಂದು ಅಳೆದನು. ಬೆಳಗಾಗುವುದರೊಳಗೆ ಮೆತ್ತೆಗಳನ್ನೆಲ್ಲ ಹಿಂದಕ್ಕೆ ಹೊರಿಸಬೇಕು; ಮರುದಿನ ಅಲ್ಲಿ ಜನ ಕುಳಿತುಕೊಳ್ಳಬೇಕಲ್ಲ! ಈ ಶ್ರಮದ ಫಲವಾಗಿ 1898ರಲ್ಲಿ ಅವನಿಗೆ ಒಂದು ಸರಳ ಸೂತ್ರ ದೊರೆಯಿತು. ಶಬ್ದ ತನ್ನ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಬೇಕಾಗುವ ಕಾಲವನ್ನು ಅನುರಣನ ಕಾಲವೆನ್ನುತ್ತೇವೆ. ಕೋಣೆಯ ಗಾತ್ರವನ್ನು ಘನಮೀಟರುಗಳಲ್ಲಿ ತೆಗೆದುಕೊಂಡು 0.16ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನ ಕಾಲ ಸೆಕೆಂಡುಗಳಲ್ಲಿ ಬರುತ್ತದೆ. ಒಟ್ಟು ಹೀರಿಕೆಯೆಂದರೆ ಪ್ರತಿಯೊಂದು ಮೇಲ್ಮೈಯ ಚದರ ಮೀಟರುಗಳನ್ನು ಅದರ ಹೀರಿಕೆಯ ಅಂಕದಿಂದ ಗುಣಿಸಿ ಕೂಡಿದ ಮೊತ್ತ.

ಈಗ ಶಹಾಬಾದದ ಒಂದು ಕೋಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಉದ್ದ 3.6 ಮೀಟರು, ಅಗಲ 3, ಎತ್ತರ 3. ನಮ್ಮ ಹಳೆಯ ಲೆಕ್ಕದಲ್ಲಿ ಸುಮಾರು ಹನ್ನೆರಡು ಅಡಿಗೆ ಹತ್ತು ಅಡಿ. ಗಾತ್ರ 32.4 ಘನಮೀಟರು, ನೆಲ, ಗೋಡೆ, ಛಾವಣಿಗಳ ಒಟ್ಟು ಮೈ 61.2 ಚದರ ಮೀಟರು. ಬಾಗಿಲು ಕಿಟಕಿಗಳನ್ನು ಮುಚ್ಚಿ, ಎಲ್ಲ ಮೈಯೂ ಕಲ್ಲು ಅಥವಾ ಸಿಮೆಂಟು ಎಂದುಕೊಂಡರೆ ಹೀರಿಕೆ ಕೇವಲ 1.22. ಅನುರಣನ ಕಾಲ 4.2 ಸೆಕೆಂಡು! ಸಬೀನನ ಪೀಡೆಯ ಮಂದಿರಕ್ಕೆ ಇದೇನೂ ಬಹಳ ದೂರವಿಲ್ಲ. ಎರಡು ಚದರ ಮೀಟರಿನಷ್ಟು ಬಾಗಿಲನ್ನು ತೆರೆದಿಟ್ಟರೆ ಹೀರಿಕೆ 3.2ಕ್ಕೆ ಏರಿ, ಕಾಲ 1.6 ಸೆಕೆಂಡಿಗೆ ಇಳಿಯುತ್ತದೆ. ಹಾಸಿಗೆ ಹಾಕಿದ ಮಂಚವೊಂದು (1.5), ಇಬ್ಬರು ಮನುಷ್ಯರು (ಸುಮಾರು 1), ಗೋಡೆಗೆ ತುಸು ಅಂತರ ಬಿಟ್ಟು ಎರಡು ಮಡಿಕೆಯಾಗಿ ತೂಗುಹಾಕಿದ ನಾಲ್ಕು ಚದರ ಮೀಟರಿನ ಕೌದಿ (ಅಂಕ ಸುಮಾರು ಅರ್ಧ, ಆದ್ದರಿಂದ 2) ಸೇರಿದರೆ ಮೊತ್ತ 7.7 ಆಗಿ, ಕಾಲ 0.67 ಸೆಕೆಂಡಾಗುತ್ತದೆ. ಮಾತು ಕೇಳುವುದಕ್ಕೆ ಇದು ಸಹ್ಯ. ಪುಟ್ಟ ಕೋಣೆಗಳಲ್ಲಿ ಸಬೀನನ ಸೂತ್ರ ಅಷ್ಟು ನಿಖರವಲ್ಲವೆಂಬುದು ನಿಜ. ಆದರೆ ನಮಗೆ ಬೇಕಾದುದು ಎರಡನೆಯ ದಶಾಂಶವಲ್ಲ. ಅಜ್ಜಿ ಹೊಲಿದ ಒಂದು ಕೌದಿ ಮಾಡುವ ಕೆಲಸವನ್ನು ಅಂಗಡಿಯ ಯಾವ ಪೆಟ್ಟಿಗೆಯೂ ಮಾಡಲಾರದೆಂಬುದನ್ನು ತೋರಿಸುವುದಕ್ಕೆ ಇಷ್ಟು ಲೆಕ್ಕ ಸಾಕು. ಚಿಂಚೋಳಿಯ ಕಡೆಯ ಹಳ್ಳಿಗಳಲ್ಲಿ ಅಲ್ಲಲ್ಲಿ ಉಳಿದಿರುವ ಮಣ್ಣಿನ ಮಾಳಿಗೆಯ ಮನೆಗಳಲ್ಲಿ, ಸೆಗಣಿ ಸಾರಿಸಿದ ನೆಲದ ಮೇಲೆ, ಈ ತೊಂದರೆ ಇಷ್ಟಿಲ್ಲ. ಹಳೆಯ ಮನೆ ಕೆಡವಿ ಸಿಮೆಂಟಿನ ಚಾವಣಿ ಹಾಕಿದವರು ‘ಹೊಸ ಮನೆಯಲ್ಲಿ ರೇಡಿಯೋ ಗುಂಯ್ ಎನ್ನುತ್ತದೆ’ ಎಂದು ದೂರುವುದರ ಕಾರಣವನ್ನು ವಿದ್ಯಾರ್ಥಿಗಳು ಈಗ ತಾವೇ ಹೇಳಬಲ್ಲರು.

ಸದ್ದು ಹೆಚ್ಚಿಸಿದರೆ ಸ್ಪಷ್ಟವಾಗುವುದೇ?

ಇಲ್ಲ. ಕಿವಿಗೆ ಎರಡು ಬಗೆಯ ಶಬ್ದ ಬರುತ್ತದೆ: ಪೆಟ್ಟಿಗೆಯಿಂದ ನೆಟ್ಟಗೆ ಬಂದದ್ದು ಒಂದು, ಗೋಡೆಗಳಿಗೆ ಬಡಿದು ಸುತ್ತಿ ಬಂದದ್ದು ಇನ್ನೊಂದು. ಗುಂಡಿಯನ್ನು ತಿರುಗಿಸಿದರೆ ಎರಡೂ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತವೆ. ಅವುಗಳ ನಿಷ್ಪತ್ತಿ ಬದಲಾಗುವುದಿಲ್ಲ. ನಿಷ್ಪತ್ತಿಯನ್ನು ಬದಲಿಸಲು ಇರುವ ಉಪಾಯಗಳು ಎರಡೇ. ಕೋಣೆಯ ಹೀರಿಕೆಯನ್ನು ಹೆಚ್ಚಿಸಬೇಕು, ಇಲ್ಲವೆ ಪೆಟ್ಟಿಗೆಯ ಹತ್ತಿರಕ್ಕೆ ಬರಬೇಕು. ನೆಟ್ಟಗೆ ಬರುವ ಶಬ್ದ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಸುತ್ತಿ ಬರುವ ಶಬ್ದವಾದರೋ ಕೋಣೆಯಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಎರಡೂ ಸರಿಸಮವಾಗುವ ದೂರವನ್ನು ತಿಳಿಯಬೇಕಾದರೆ ಗಾತ್ರವನ್ನು ಅನುರಣನ ಕಾಲದಿಂದ ಭಾಗಿಸಿ, ವರ್ಗಮೂಲ ತೆಗೆದು, 0.057ರಿಂದ ಗುಣಿಸಬೇಕು. ನಮ್ಮ ಕೋಣೆಗೆ, ಕಾಲ 1.6 ಸೆಕೆಂಡಾದಾಗ, ಈ ದೂರ 26 ಸೆಂಟಿಮೀಟರು. ಕೌದಿ ತೂಗಿದಾಗ 40 ಸೆಂಟಿಮೀಟರು. ಎಲ್ಲ ಕಡೆಗೂ ಸಮವಾಗಿ ಶಬ್ದ ಚೆಲ್ಲುವ ಆಕರಕ್ಕೆ ಈ ಲೆಕ್ಕ. ಧ್ವನಿವರ್ಧಕ ಮಾತಿನ ಎತ್ತರದ ಸ್ವರಗಳನ್ನು ಮುಂದಕ್ಕೇ ಹೆಚ್ಚಾಗಿ ಕಳುಹಿಸುವುದರಿಂದ ವಾಸ್ತವದಲ್ಲಿ ಅದು ಒಂದೂವರೆಯಷ್ಟಾದೀತು. ಎಂದರೆ ಕಲ್ಲಿನ ಕೋಣೆಯ ಮೂಲೆಯಲ್ಲಿ ದೊಡ್ಡ ಪೆಟ್ಟಿಗೆಯನ್ನಿಟ್ಟು ಎದುರು ಗೋಡೆಗೆ ಒರಗಿ ಪಾಠ ಕೇಳುವವನು ಕೇಳುತ್ತಿರುವುದು ಬಹುಪಾಲು ಗೋಡೆಗಳನ್ನೇ. ಓದುವ ಮೇಜಿನ ಮೇಲೆ 60-70 ಸೆಂಟಿಮೀಟರು ದೂರದಲ್ಲಿ ಎರಡು ಪುಟ್ಟ ಪೆಟ್ಟಿಗೆಗಳನ್ನಿಟ್ಟು ಕೇಳುವವನಿಗೆ ಅಕ್ಷರಗಳು ಬಿಡಿಯಾಗಿ ದೊರೆಯುತ್ತವೆ. ನಮ್ಮ ಸೀಮೆಯ ವಿದ್ಯಾರ್ಥಿಗೆ ಚಿಕ್ಕ ಪೆಟ್ಟಿಗೆ ಬಡತನದ ಆಯ್ಕೆಯಲ್ಲ, ಸರಿಯಾದ ಆಯ್ಕೆ.

ಚಿಕ್ಕ ಪೆಟ್ಟಿಗೆಯ ಶಕ್ತಿ ಮತ್ತು ಮಿತಿ

ಇಂದಿನ ಧ್ವನಿವರ್ಧಕಗಳೆಲ್ಲವೂ ಬಹುಮಟ್ಟಿಗೆ 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಪ್ರಕಟಿಸಿದ ಮಾದರಿಯ ಸಂತತಿ. ಆಯಸ್ಕಾಂತದ ಧ್ರುವಗಳ ನಡುವಣ ಕಿರಿದಾದ ಸಂದಿನಲ್ಲಿ ತಂತಿಯ ಸುರುಳಿಯೊಂದು ತೂಗುತ್ತದೆ. ಅದಕ್ಕೆ ಕಾಗದದ ಅಥವಾ ಪ್ಲಾಸ್ಟಿಕ್ಕಿನ ಶಂಕುವನ್ನು ಅಂಟಿಸಿದೆ. ಸುರುಳಿಯಲ್ಲಿ ವಿದ್ಯುತ್ತು ಹಿಂದು ಮುಂದಾಗಿ ಹರಿದಂತೆ ಶಂಕು ಹಿಂದು ಮುಂದಾಗಿ ಅಲುಗಿ ಗಾಳಿಯನ್ನು ತಳ್ಳುತ್ತದೆ. ಪಠ್ಯಪುಸ್ತಕದಲ್ಲಿ ಎಡಗೈ ನಿಯಮವೆಂದು ಓದುವುದು ಇಲ್ಲಿ ಹಾಡಾಗಿ ಹೊರಬರುತ್ತದೆ.

ಈ ಶಂಕು ಎಷ್ಟು ದೂರ ಅಲುಗಬೇಕು ಎಂಬುದರಲ್ಲಿಯೇ ಚಿಕ್ಕ ಪೆಟ್ಟಿಗೆಯ ಮಿತಿ ಅಡಗಿದೆ. ಒಂದೇ ಮಟ್ಟದ ಶಬ್ದವನ್ನು ಕೊಡಲು ಕಂಪನಾಂಕ ಅರ್ಧವಾದರೆ ಅಲುಗಾಟ ನಾಲ್ಕು ಪಟ್ಟಾಗಬೇಕು. ನಾಲ್ಕು ಅಂಗುಲದ ಶಂಕುವಿನ ಮೈ ಸುಮಾರು 55 ಚದರ ಸೆಂಟಿಮೀಟರು. ಒಂದು ಮೀಟರು ದೂರದಲ್ಲಿ 85 ಡೆಸಿಬೆಲ್ ಮಟ್ಟದ ಶಬ್ದ ಬೇಕಾದರೆ, 200 ಹರ್ಟ್ಸಿನಲ್ಲಿ ಅದು 0.3 ಮಿಲಿಮೀಟರು ಅಲುಗಿದರೆ ಸಾಕು. 100 ಹರ್ಟ್ಸಿನಲ್ಲಿ 1.2 ಮಿಲಿಮೀಟರು ಬೇಕು. 50 ಹರ್ಟ್ಸಿನಲ್ಲಿ ಹತ್ತಿರ ಹತ್ತಿರ 5 ಮಿಲಿಮೀಟರು. ಅಗ್ಗದ ಪುಟ್ಟ ಧ್ವನಿವರ್ಧಕಗಳ ಸುರುಳಿಗಳಿಗೆ ಅಷ್ಟು ಚಲಿಸುವ ಸಾಮರ್ಥ್ಯವಿರುವುದು ಅಪರೂಪ. ಆದ್ದರಿಂದ ನಾಲ್ಕು ಅಂಗುಲದ ಪೆಟ್ಟಿಗೆಯ ಮೇಲೆ ‘20ರಿಂದ 20,000 ಹರ್ಟ್ಸ್’ ಎಂದು ಬರೆದಿದ್ದರೆ ಅದನ್ನು ಅಲಂಕಾರವೆಂದು ತಿಳಿಯಬೇಕು. ಅದರ ಪಕ್ಕದಲ್ಲಿ ‘3 ಡೆಸಿಬೆಲ್ ಹೆಚ್ಚುಕಡಿಮೆಯೊಳಗೆ’ ಎಂಬ ಮಾತಿದ್ದರೆ ಮಾತ್ರ ಅಂಕಿಗಳಿಗೆ ಅರ್ಥ.

ಪೆಟ್ಟಿಗೆಯಾದರೂ ಏತಕ್ಕೆ? ಶಂಕು ಮುಂದೆ ಗಾಳಿಯನ್ನು ಒತ್ತುವಾಗ ಹಿಂದೆ ಅದನ್ನು ಸಡಿಲಿಸುತ್ತಿರುತ್ತದೆ. ನಡುವೆ ತಡೆಯಿಲ್ಲದಿದ್ದರೆ ಇವೆರಡೂ ಕೂಡಿ ಮಂದ್ರ ಸ್ವರಗಳು ರದ್ದಾಗುತ್ತವೆ. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಈ ಗುಣವನ್ನು ಉದ್ದೇಶಪೂರ್ವಕವಾಗಿ ಬಳಸಿ 1954ರಲ್ಲಿ ಎಡ್ಗರ್ ವಿಲ್ಚರ್ ಎಂಬಾತ ಪುಸ್ತಕದ ಕಪಾಟಿನಲ್ಲಿ ಹಿಡಿಸುವ ಪೆಟ್ಟಿಗೆಯಿಂದ ಆಳವಾದ ಮಂದ್ರವನ್ನು ಹೊರಡಿಸಿ ತೋರಿಸಿದನು. ಇನ್ನೊಂದು ಬಗೆಯ ಪೆಟ್ಟಿಗೆಯಲ್ಲಿ ಒಂದು ಕೊಳವೆಯ ಬಾಯಿ ಇರುತ್ತದೆ. ಬರಿದಾದ ಕೊಡದ ಬಾಯಿಯ ಮೇಲೆ ಊದಿದರೆ ಒಂದೇ ಒಂದು ಸ್ವರ ಏಳುವುದಷ್ಟೆ. ಈ ಕೊಳವೆಯೂ ಹಾಗೆಯೇ ತನ್ನ ಸ್ವರದಲ್ಲಿ ಅನುನಾದಿಸಿ ಮಂದ್ರಕ್ಕೆ ಬೆಂಬಲ ಕೊಡುತ್ತದೆ. 1961ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲ್ ಇದರ ಗಣಿತವನ್ನು ಕ್ರಮಪಡಿಸಿದ ಮೇಲೆ ಊಹೆಯಿಂದ ಕೊಳವೆ ಕತ್ತರಿಸುವ ಕಾಲ ಹೋಯಿತು. ಆದರೆ ಕೊಳವೆಯ ಸ್ವರದಿಂದ ಕೆಳಕ್ಕೆ ಇಳಿದೊಡನೆ ಶಬ್ದ ಪ್ರತಿ ಸಪ್ತಕಕ್ಕೆ 24 ಡೆಸಿಬೆಲ್ಲಿನಂತೆ ಥಟ್ಟನೆ ಕುಸಿಯುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಕುಸಿತ ಅದರ ಅರ್ಧ.

ಕಲ್ಲಿನ ಕೋಣೆಯಲ್ಲಿ ನಾನು ಮುಚ್ಚಿದ ಪೆಟ್ಟಿಗೆಯ ಪಕ್ಷಪಾತಿ. ಏಕೆಂದರೆ ನಮ್ಮ ಕೋಣೆಗೂ ತನ್ನದೇ ಆದ ಸ್ವರಗಳಿವೆ. 3.6 ಮೀಟರಿನ ಉದ್ದಕ್ಕೆ 350 ಭಾಗಿಸು 7.2, ಎಂದರೆ ಸುಮಾರು 49 ಹರ್ಟ್ಸ್. 3 ಮೀಟರಿನ ಅಗಲಕ್ಕೆ 58. ಎತ್ತರವೂ 3 ಮೀಟರೇ ಆದ್ದರಿಂದ ಅದೂ 58ಕ್ಕೇ ಬಂದು ಕೂಡುತ್ತದೆ. ತೆಳುವಾದ ಮರದ ಗೋಡೆಯಾಗಿದ್ದರೆ ತಾನೂ ತುಸು ನಡುಗಿ ಈ ಸ್ವರಗಳ ಶಕ್ತಿಯನ್ನು ನುಂಗುತ್ತಿತ್ತು. ಒಂದೂವರೆ ಅಡಿಯ ಕಲ್ಲಿನ ಗೋಡೆ ಮಿಸುಕುವುದಿಲ್ಲ. ಹೀಗಾಗಿ 60 ಹರ್ಟ್ಸಿನ ಸುತ್ತ ಹೊರಟ ಯಾವ ಸ್ವರವೂ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಗುಡುಗುತ್ತದೆ. ಕೌದಿ ಇದಕ್ಕೆ ಉಪಾಯವಲ್ಲ, ಅಷ್ಟು ಉದ್ದನೆಯ ಅಲೆಗೆ ಬಟ್ಟೆ ಲೆಕ್ಕಕ್ಕಿಲ್ಲ. ಮಂದ್ರವನ್ನು ಅತಿಯಾಗಿ ಉಬ್ಬಿಸುವ ಪೆಟ್ಟಿಗೆಯನ್ನಾಗಲಿ, ಅದರ ಜೊತೆಗೆ ಕೆಳಗಿಡುವ ಪ್ರತ್ಯೇಕ ‘ಊಫರ್’ ಡಬ್ಬವನ್ನಾಗಲಿ ಕೊಳ್ಳದಿರುವುದೇ ಇಲ್ಲಿ ಉಪಾಯ. ಪುಣ್ಯಕ್ಕೆ ಅದು ಹಣವನ್ನೂ ಉಳಿಸುತ್ತದೆ.

ಸಂಗೀತಕ್ಕೆ ಇಷ್ಟು ಮಂದ್ರ ಸಾಕೇ ಎಂದು ಕೆಲವರು ಕೇಳಬಹುದು. ಹಿಂದೂಸ್ತಾನಿ ಗಾಯನವನ್ನೇ ತೆಗೆದುಕೊಳ್ಳೋಣ. ಗಂಡು ದನಿಯ ಷಡ್ಜ ಸಾಮಾನ್ಯವಾಗಿ 140 ಹರ್ಟ್ಸಿನ ಆಸುಪಾಸು; ತಂಬೂರಿಯ ಖರಜದ ತಂತಿ ಅದರ ಅರ್ಧ, 70. ಆದರೆ ತಂಬೂರಿಯ ನಾದದಲ್ಲಿ ಶಕ್ತಿಯೆಲ್ಲ ಇರುವುದು ಮೇಲಿನ ಉಪಸ್ವರಗಳಲ್ಲಿ. ಕುದುರೆಯ ಬಾಗಿದ ಮೈಯೂ ಅದರ ಮೇಲಿನ ಜೀವದ ದಾರವೂ ಈ ಉಪಸ್ವರಗಳನ್ನು ಎಬ್ಬಿಸುವ ಬಗೆಯನ್ನು ಸಿ. ವಿ. ರಾಮನ್ 1921ರಲ್ಲಿಯೇ ವಿವರಿಸಿದ್ದರು. ಅಷ್ಟೇ ಅಲ್ಲ, ಉಪಸ್ವರಗಳು ಸರಿಯಾಗಿ ಬಂದರೆ ಮೂಲಸ್ವರ ಇಲ್ಲದಿದ್ದರೂ ನಮ್ಮ ಕಿವಿ ಅದನ್ನು ತಾನೇ ಕಲ್ಪಿಸಿಕೊಳ್ಳುತ್ತದೆ. ಅಂಗೈಯಗಲದ ರೇಡಿಯೋದಲ್ಲಿ ಗಂಡಸಿನ ದನಿ ಗಂಡಸಿನದಾಗಿಯೇ ಕೇಳಿಸುವುದು ಇದರಿಂದಲೇ. ತಬಲಾದ ಬಲಗೈ ವಾದ್ಯದ ಉಪಸ್ವರಗಳೂ ತಂತಿಯವುಗಳಂತೆಯೇ ಒಂದು, ಎರಡು, ಮೂರರ ಅನುಪಾತದಲ್ಲಿ ಜೋಡಣೆಯಾಗಿರುವುದನ್ನು ರಾಮನ್ನರೇ 1920ರಲ್ಲಿ ತೋರಿಸಿದರು. ನಡುವಿನ ಕರಿಯ ಲೇಪ ಮಾಡುವ ಚಮತ್ಕಾರ ಅದು. ಇವೆಲ್ಲವೂ ನಾಲ್ಕೈದು ಅಂಗುಲದ ಶಂಕುವಿಗೆ ಸುಲಭವಾಗಿ ಎಟುಕುವ ಸಂಗತಿಗಳು. ಎಡಗೈಯ ಡಗ್ಗದ ಗುಮ್ಮೆನ್ನುವ ಹೊಡೆತ ಮಾತ್ರ 100 ಹರ್ಟ್ಸಿನಿಂದ ಕೆಳಗಿಳಿಯುತ್ತದೆ. ಅದನ್ನು ಪೂರ್ತಿಯಾಗಿ ಕೇಳಬಯಸುವವರು ಐದು ಅಂಗುಲದ, 60-70 ಹರ್ಟ್ಸಿನವರೆಗೆ ಇಳಿಯುವ ಪೆಟ್ಟಿಗೆಯನ್ನು ಆರಿಸಲಿ. ಭಜನೆ, ತತ್ವಪದ, ವಚನಗಾಯನಗಳಿಗೂ ಪಾಠಗಳಿಗೂ ನಾಲ್ಕು ಅಂಗುಲ ಧಾರಾಳವಾಯಿತು.

ವಾಟಿನ ಮಾಯೆ

ಅಂಗಡಿಯಲ್ಲಿ ಕೆಲವು ಡಬ್ಬಗಳ ಮೇಲೆ 1,000 ವಾಟು, 2,000 ವಾಟು ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಪಕ್ಕದಲ್ಲಿ ಸಣ್ಣದಾಗಿ ‘ಪಿ.ಎಂ.ಪಿ.ಒ.’ ಎಂಬ ನಾಲ್ಕಕ್ಷರ. ಇದಕ್ಕೆ ಒಪ್ಪಿತವಾದ ಅಳತೆಯ ಕ್ರಮವೇ ಇಲ್ಲ. ಶಕ್ತಿ ಸಂರಕ್ಷಣೆಯ ನಿಯಮ ಬಲ್ಲ ವಿದ್ಯಾರ್ಥಿ ಡಬ್ಬವನ್ನು ಬಿಟ್ಟು ಅದರ ಅಡಾಪ್ಟರನ್ನು ಕೈಗೆತ್ತಿಕೊಳ್ಳಬೇಕು. ಅದರ ಮೇಲೆ 12 ವೋಲ್ಟು, 2 ಆಂಪಿಯರು ಎಂದಿದ್ದರೆ ಒಳಹೋಗುವುದು 24 ವಾಟು. ಹೊರಬರುವುದು ಅದಕ್ಕಿಂತ ಹೆಚ್ಚಾಗುವ ಬಗೆ ಹೇಗೆ? ವರ್ಧಕದಲ್ಲಿ ಆಗುವ ನಷ್ಟ ಕಳೆದರೆ ಒಂದೊಂದು ಪೆಟ್ಟಿಗೆಗೆ ಸುಮಾರು 10 ವಾಟು ದೊರೆತೀತು.

ಹತ್ತು ವಾಟು ಕಡಿಮೆಯೆಂದು ಮರುಗಬೇಕಾಗಿಲ್ಲ. ಪುಟ್ಟ ಧ್ವನಿವರ್ಧಕವೊಂದು ಒಂದು ವಾಟಿಗೆ ಒಂದು ಮೀಟರು ದೂರದಲ್ಲಿ ಸುಮಾರು 85 ಡೆಸಿಬೆಲ್ ಕೊಡುತ್ತದೆ. (ಒಂದು ವಾಟಿನಲ್ಲಿ ಶಬ್ದವಾಗುವುದು ಹೆಚ್ಚೆಂದರೆ 2 ಮಿಲಿವಾಟು, ಮಿಕ್ಕಿದ್ದೆಲ್ಲ ಸುರುಳಿಯನ್ನು ಬಿಸಿಮಾಡುತ್ತದೆ. ಇಷ್ಟು ದುಂದಿನ ಯಂತ್ರ ಮನೆಯಲ್ಲಿ ಮತ್ತೊಂದಿರಲಾರದು.) ಮೇಜಿನ ಮುಂದೆ 70 ಸೆಂಟಿಮೀಟರು ದೂರದಲ್ಲಿ ಅದು 88 ಡೆಸಿಬೆಲ್ಲಾಗುತ್ತದೆ. ಮನೆಯಲ್ಲಿ ಹಿತವಾಗಿ ಕೇಳಲು 75 ಸಾಕು. ಇದು 13 ಡೆಸಿಬೆಲ್ ಕಡಿಮೆ, ಎಂದರೆ ವಾಟಿನ ಇಪ್ಪತ್ತನೆಯ ಒಂದು ಪಾಲು. ಸಂಗೀತದಲ್ಲಿ ಕ್ಷಣಮಾತ್ರ ಮೇಲೇಳುವ ಹೊಡೆತಗಳಿಗೆ ಇನ್ನು 15 ಡೆಸಿಬೆಲ್ ಬಿಟ್ಟುಕೊಟ್ಟರೆ ಮೂವತ್ತೆರಡು ಪಟ್ಟು. ಆಗಲೂ ಎರಡು ವಾಟಿನೊಳಗೆ ಮುಗಿಯಿತು. ಎರಡು ಮೀಟರು ದೂರ ಕುಳಿತರೂ 13 ವಾಟು ಮೀರುವುದಿಲ್ಲ. ವಾಟನ್ನು ಇಮ್ಮಡಿಸಿದರೆ ದೊರೆಯುವುದು ಮೂರೇ ಡೆಸಿಬೆಲ್ ಎಂಬುದನ್ನು ನೆನಪಿಟ್ಟವನನ್ನು ಅಂಗಡಿಯವನು ಮರುಳುಮಾಡಲಾರ.

ಆರಿಸುವುದೂ ಇಡುವುದೂ

ಧ್ವನಿವರ್ಧಕಗಳಲ್ಲಿ ಎರಡು ಜಾತಿ. ವರ್ಧಕವನ್ನು ಹೊಟ್ಟೆಯಲ್ಲಿಯೇ ಇಟ್ಟುಕೊಂಡ ‘ಆಕ್ಟಿವ್’ ಜೋಡಿ ಒಂದು. ಹೊರಗಿನ ವರ್ಧಕ ಬೇಡುವ ‘ಪ್ಯಾಸಿವ್’ ಜೋಡಿ ಮತ್ತೊಂದು. ಕೈಯಲ್ಲಿ ಹಣ ಕಡಿಮೆಯಿದ್ದು ಮೇಜಿನ ಮೇಲಿಡುವವರು ಮೊದಲನೆಯದನ್ನೇ ಕೊಳ್ಳುವುದು ಲೇಸು. ಮನೆಯಲ್ಲಿ ಹಳೆಯ ಒಳ್ಳೆಯ ವರ್ಧಕವೊಂದು ಬಿದ್ದಿದ್ದರೆ, ಅಥವಾ ಕಲಬುರಗಿಯ ಪೇಟೆಯಲ್ಲಿ ಉಪಯೋಗಿಸಿದ ಜೋಡಿ ಅಗ್ಗವಾಗಿ ದೊರೆತರೆ ಎರಡನೆಯದು ಲಾಭಕರ. ಆಗ ತಂತಿಗೆಂದು ಹಣ ಸುರಿಯಬೇಡಿ. ಒಂದು ಚದರ ಮಿಲಿಮೀಟರು ದಪ್ಪದ ಸಾಮಾನ್ಯ ತಾಮ್ರದ ತಂತಿ ಮೂರು ಮೀಟರು ಹೋಗಿ ಬರುವುದಕ್ಕೆ 0.1 ಓಮಿನ ತಡೆ ಒಡ್ಡುತ್ತದೆ. 8 ಓಮಿನ ಧ್ವನಿವರ್ಧಕದ ಮುಂದೆ ಅದು ಏನೂ ಅಲ್ಲ. ಕೆಂಪು ಕಪ್ಪುಗಳನ್ನು ಎರಡೂ ಪೆಟ್ಟಿಗೆಗಳಿಗೆ ಒಂದೇ ಕ್ರಮದಲ್ಲಿ ಸೇರಿಸುವುದು ಮಾತ್ರ ಮುಖ್ಯ. ಒಂದರಲ್ಲಿ ತಿರುವುಮುರುವಾದರೆ ಒಂದು ಶಂಕು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಮಂದ್ರ ಮಾಯವಾಗುತ್ತದೆ.

ಅಂಗಡಿಯಲ್ಲಿ ಪರೀಕ್ಷಿಸುವಾಗ ಅವರು ಹಾಕುವ ಅಬ್ಬರದ ಹಾಡನ್ನು ಕೇಳಬಾರದು. ತಮಗೆ ಚೆನ್ನಾಗಿ ಪರಿಚಯವಿರುವ ಒಬ್ಬರ ಮಾತಿನ ಧ್ವನಿಮುದ್ರಣವನ್ನು ಒಯ್ದು ನುಡಿಸಿ, ಪೆಟ್ಟಿಗೆಯ ಎದುರಿನಿಂದ ನಿಧಾನವಾಗಿ ಪಕ್ಕಕ್ಕೆ ನಡೆಯಬೇಕು. ದನಿ ಥಟ್ಟನೆ ಮಂಕಾದರೆ ಆ ಪೆಟ್ಟಿಗೆ ಬೇಡ. ದೊಡ್ಡ ಶಂಕು ತನ್ನ ಅಗಲಕ್ಕಿಂತ ಚಿಕ್ಕ ಅಲೆಗಳನ್ನು ನೇರ ಮುಂದಕ್ಕೇ ಎಸೆಯುತ್ತದೆ. 3,000 ಹರ್ಟ್ಸಿನ ಅಲೆಯ ಉದ್ದ 12 ಸೆಂಟಿಮೀಟರಿಗೂ ಕಡಿಮೆ. ಅದಕ್ಕಾಗಿಯೇ ಆ ಎತ್ತರದ ಸ್ವರಗಳನ್ನು ಒಂದು ಅಂಗುಲದ ಪ್ರತ್ಯೇಕ ಗುಮ್ಮಟಕ್ಕೆ ಒಪ್ಪಿಸುತ್ತಾರೆ. ಕೆನಡದ ರಾಷ್ಟ್ರೀಯ ಸಂಶೋಧನಾ ಮಂಡಲಿಯಲ್ಲಿ ಫ್ಲಾಯ್ಡ್ ಟೂಲ್, ಪೆಟ್ಟಿಗೆಗಳನ್ನು ಪರದೆಯ ಹಿಂದೆ ಇರಿಸಿ ಕೇಳುಗರಿಂದ ಅಂಕ ಕೊಡಿಸಿ, 1980ರ ದಶಕದಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಜನ ಮೆಚ್ಚುವುದು ಎದುರಿಗೂ ಪಕ್ಕಕ್ಕೂ ಸಮನಾದ ನಾದ ಕೊಡುವ ಪೆಟ್ಟಿಗೆಯನ್ನೇ. ರತ್ನಗಂಬಳಿ ಹಾಸಿದ ಕೋಣೆಗಿಂತ ಕಲ್ಲಿನ ಕೋಣೆಯಲ್ಲಿ ಈ ಗುಣಕ್ಕೆ ಹೆಚ್ಚು ಬೆಲೆ, ಏಕೆಂದರೆ ಪಕ್ಕಕ್ಕೆ ಹೋದುದೆಲ್ಲ ಇಲ್ಲಿ ಕಿವಿಗೆ ಮರಳಿ ಬರುತ್ತದೆ.

ಕೊಂಡು ತಂದ ಮೇಲೆ ಅದನ್ನು ಗೋಡೆಯ ಗೂಡಿನಲ್ಲಿ ಇಡಬೇಕೆಂಬ ಆಸೆ ಸಹಜ. ಹಣತೆಗೂ ಪುಸ್ತಕಕ್ಕೂ ಒಪ್ಪುವ ಗೂಡು ಧ್ವನಿವರ್ಧಕಕ್ಕೆ ಕೊಡವಿದ್ದಂತೆ. ಒಂದು ಗೇಣು ಆಳದ ಕಲ್ಲಿನ ಗೂಡು 250ರಿಂದ 350 ಹರ್ಟ್ಸಿನ ನಡುವೆ ಎಲ್ಲಿಯೋ ತಾನೇ ಅನುನಾದಿಸಿ, ಮನುಷ್ಯರ ದನಿಗೆ ಹಂಡೆಯೊಳಗಿಂದ ಮಾತಾಡಿದಂತಹ ಬಣ್ಣ ಕೊಡುತ್ತದೆ. ಅಲ್ಲಿಯೇ ಇಡಬೇಕಾಗಿ ಬಂದರೆ ಪೆಟ್ಟಿಗೆಯ ಮುಖ ಗೋಡೆಯ ಮುಖಕ್ಕೆ ಸರಿಸಮವಾಗುವಷ್ಟು ಮುಂದೆ ತಂದು, ಸುತ್ತಲಿನ ಸಂದನ್ನು ಹಳೆಯ ಬಟ್ಟೆಯಿಂದ ತುಂಬಬೇಕು. ಬೆನ್ನಿನಲ್ಲಿ ಕೊಳವೆಯ ಬಾಯಿರುವ ಪೆಟ್ಟಿಗೆ ಗೂಡಿಗೆ ಸಲ್ಲದು. ವರ್ಧಕ ಒಳಗೇ ಇರುವ ಪೆಟ್ಟಿಗೆಯಾದರೆ ಬೆನ್ನಿನ ಬಿಸಿ ಹೋಗಲು ದಾರಿ ಬಿಡಬೇಕು. ಕೋಣೆಯ ಮೂಲೆಯೂ ಒಳ್ಳೆಯದಲ್ಲ. ಮೂರು ಕಲ್ಲಿನ ಮೈಗಳು ಕೂಡುವ ಅಲ್ಲಿ ಮಂದ್ರ ಮಿತಿಮೀರಿ ಉಬ್ಬುತ್ತದೆ.

ಮೇಜಿನ ಮೇಲಿಡುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ಮೇಜಿನ ಹಲಗೆ, ಅದರಲ್ಲಿಯೂ ಕಲ್ಲಿನ ಹಲಗೆ, ಕನ್ನಡಿಯಂತೆ ಶಬ್ದವನ್ನು ಪ್ರತಿಫಲಿಸುತ್ತದೆ. ಪೆಟ್ಟಿಗೆಯ ಗುಮ್ಮಟ ಹಲಗೆಯಿಂದ 15 ಸೆಂಟಿಮೀಟರು ಮೇಲೆ, ಕಿವಿ 40 ಸೆಂಟಿಮೀಟರು ಮೇಲೆ, ನಡುವಣ ಅಂತರ 80 ಸೆಂಟಿಮೀಟರು ಎಂದಿರಲಿ. ಪೈಥಾಗೊರಸನ ಪ್ರಮೇಯದಿಂದ ನೆಟ್ಟನೆಯ ದಾರಿ 84 ಸೆಂಟಿಮೀಟರು, ಹಲಗೆಗೆ ಬಡಿದು ಬರುವ ದಾರಿ 97. ವ್ಯತ್ಯಾಸ ಸುಮಾರು 13. ಯಾವ ಅಲೆಗೆ ಇದು ಅರ್ಧ ಉದ್ದವೋ ಆ ಅಲೆ, ಎಂದರೆ ಸುಮಾರು 1,300 ಹರ್ಟ್ಸಿನದು, ಎರಡು ದಾರಿಗಳಿಂದ ಬಂದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಮಾತಿನ ನಟ್ಟನಡುವೆ ಹೀಗೊಂದು ತೂತು ಬೀಳುವುದು ಅನಿಷ್ಟವಲ್ಲವೆ? ಪೆಟ್ಟಿಗೆಗಳನ್ನು ಮೇಜಿನ ಮುಂಭಾಗದ ಅಂಚಿಗೆ ತಂದರೆ ಶಬ್ದ ಬಡಿಯುವುದಕ್ಕೆ ನಡುವೆ ಹಲಗೆಯೇ ಇರುವುದಿಲ್ಲ. ಅದು ಸಾಧ್ಯವಾಗದಿದ್ದರೆ ದಪ್ಪ ಪುಸ್ತಕಗಳ ಮೇಲಿಟ್ಟು ಗುಮ್ಮಟವನ್ನು ಕಿವಿಯ ಮಟ್ಟಕ್ಕೆ ಏರಿಸಿ. ಹಲಗೆಗೆ ಬಡಿದು ಬರುವ ಶಬ್ದ ಆಗ ಕೊಂಚವಾದರೂ ಕುಗ್ಗುತ್ತದೆ. ಎರಡು ಪೆಟ್ಟಿಗೆಗಳೂ ಕೇಳುವವನ ತಲೆಯೂ ಸಮಭುಜ ತ್ರಿಕೋನದ ಮೂರು ಮೂಲೆಗಳಲ್ಲಿರಲಿ. ಸಿಮೆಂಟಿನ ಮತ್ತು ಗಣಿಯ ಧೂಳು ಹಾರುವ ಊರುಗಳಲ್ಲಿ ಮುಂದಿನ ಬಟ್ಟೆಯ ಮುಸುಕನ್ನು ತೆಗೆಯಬೇಡಿ. ಶಂಕುವನ್ನು ಒದ್ದೆ ಬಟ್ಟೆಯಿಂದ ಒರೆಸಲೂ ಬೇಡಿ.

ಹತ್ತಿರ ಕುಳಿತು ಕೇಳುವವರು ಮಟ್ಟದ ಮೇಲೆ ಕಣ್ಣಿಡಬೇಕು. 85 ಡೆಸಿಬೆಲ್ಲಿನಲ್ಲಿ ದಿನಕ್ಕೆ ಎಂಟು ಗಂಟೆ ಎಂಬುದು ಕಾರ್ಖಾನೆಗಳ ಕೆಲಸಗಾರರಿಗೆ ಹಲವು ದೇಶಗಳಲ್ಲಿ ಹಾಕಿಕೊಂಡಿರುವ ಮಿತಿ. ಮೂರು ಡೆಸಿಬೆಲ್ ಹೆಚ್ಚಿದಂತೆಲ್ಲ ಕಾಲವನ್ನು ಅರ್ಧಕ್ಕಿಳಿಸಬೇಕು. ಮೇಜಿನ ಆಚೆ ನಿಂತವರೊಡನೆ ದನಿಯೇರಿಸದೆ ಮಾತನಾಡಲು ಸಾಧ್ಯವಾಗುತ್ತಿದ್ದರೆ ಭಯವಿಲ್ಲ.

ಇನ್ನು ಕೌದಿಯನ್ನು ಎಲ್ಲಿ ತೂಗುಹಾಕಬೇಕೆಂಬುದು. ನೀವು ಕುಳಿತ ಜಾಗದಲ್ಲಿಯೇ ಇರಿ. ತಮ್ಮನೋ ತಂಗಿಯೋ ಒಂದು ಕನ್ನಡಿಯನ್ನು ಗೋಡೆಗೆ ಒತ್ತಿ ಹಿಡಿದು, ನಿಮ್ಮ ಕಿವಿಯ ಎತ್ತರದಲ್ಲಿ ಅದನ್ನು ಮೆಲ್ಲಗೆ ಸರಿಸುತ್ತ ಹೋಗಲಿ. ಬೆಳಕೂ ಶಬ್ದವೂ ಪ್ರತಿಫಲನದಲ್ಲಿ ಒಂದೇ ನಿಯಮವನ್ನು ಅನುಸರಿಸುವುದರಿಂದ, ಕನ್ನಡಿಯಲ್ಲಿ ಧ್ವನಿವರ್ಧಕದ ಮುಖ ನಿಮಗೆ ಕಾಣಿಸಿದ ಜಾಗವೇ ಗೋಡೆಯಿಂದ ಮೊದಲ ಶಬ್ದ ನಿಮ್ಮತ್ತ ಹಾರುವ ಜಾಗ. ಎಡಗೋಡೆಯಲ್ಲೊಂದು, ಬಲಗೋಡೆಯಲ್ಲೊಂದು, ಬೆನ್ನ ಹಿಂದೆ ಒಂದು ಹೀಗೆ ಸೀಮೆಸುಣ್ಣದಿಂದ ಗುರುತುಹಾಕಿ, ಗೋಡೆಗೂ ಬಟ್ಟೆಗೂ ನಡುವೆ ನಾಲ್ಕು ಬೆರಳು ಗಾಳಿ ಬಿಟ್ಟು, ಅಲ್ಲಿ ಕೌದಿಯನ್ನು ಇಳಿಬಿಡಿ.